ಬ್ರೇಕಿಲ್ಲದ ದೋಣಿಗೆ ಗಾಳಿ ಹಾರ್ನು

ನಮ್ಮ ಮನಿಯವರ ಹೆಸರು ಪಂಚಪ್ಪ. ಕತಾರಿನ ಅಲ್ ಖೋರ್‌ನ ಕಂಪನಿ ಕ್ವಾರ್ಟರ್ಸಿನ್ಯಾಗ ಯಾರನ್ನ ಕೇಳಿದ್ರೂ 'ಜನರೇಟರ್ ಪಂಚಪ್ಪ' ಅಂತಾರ. ಆ ಹೆಸರು ಕೇಳಿದ್ರ ನನಗ ಮೈ ಉರಿತೈತಿ. ನಾ ಲಗ್ನ ಆಗಿದ್ದು ಜನರೇಟರ್ ಸಂಗಾಟ ಅಲ್ರಿ, ಲಾರಿ ಡ್ರೈವರ್ ಸಂಗಾಟ.

ಆಗ ಸೊಲ್ಲಾಪುರ–ಹೊಸಪೇಟೆ ರೋಡಿನ್ಯಾಗ ಇವರ ಲಾರಿ ಅಂದ್ರ ಲಾರಿ. ಹುನಗುಂದ ದಾಟಿ ನಮ್ಮೂರ ಗುಡ್ಡದ ತಿರುವಿಗೆ ಬಂದ್ರ ಸಾಕು, ಗಾಳಿ ಹಾರ್ನು ಹೊಡಿತಿದ್ರು. ಒಂದು ಉದ್ದ, ಎರಡು ಗಿಡ್ಡ. ನಾ ಹಂಚು ಒಲಿ ಮ್ಯಾಲೆ ಇಡತಿದ್ದೆ. ಇವರು ಲಾರಿ ನಿಲ್ಲಿಸಿ ಕೈಕಾಲು ತೊಳಕೊಂಡು ಕುಂಡ್ರೂದಕ್ಕೂ ಮೊದಲನೇ ರೊಟ್ಟಿ ಉಬ್ಬೂದಕ್ಕೂ ಸರಿ ಆಗತಿತ್ತು. "ಊರಿಗೆಲ್ಲ ಡಂಗುರ ಹೊಡೆದು ಉಣ್ಣಾಕ ಬರ್ತಾನ ನನ್ನ ಮಗ" ಅಂತ ನಮ್ಮತ್ತಿ ನಗತಿದ್ದಳು. ನನಗ ನಾಚಿಕಿನೂ ಆಗತಿತ್ತು, ಖುಷಿನೂ ಆಗತಿತ್ತು. ಎಂಥಾ ದಿನಾರೀ ಅವು!

ಡ್ರೈವರ್ ಆಗತೀನಿ ಅಂತ ಲಾರಿ ಮಾರಿ ಕತಾರಿಗೆ ಬಂದ್ರು. ಹಾರ್ನು ಮಾತ್ರ ಬಿಚ್ಚಿ ಅಟ್ಟದ ಮ್ಯಾಲೆ ಇಟ್ರು. ಆದ್ರ ಇಲ್ಲಿ ಗಾಡಿ ರೋಡಿನ ಬಲಕ್ಕ ಹೋಗಬೇಕು, ಇವರ ಕೈ ಎಡಕ್ಕ ಎಳಿತಿತ್ತು. ಲೈಸೆನ್ಸಿನ ಟೆಸ್ಟಿನ್ಯಾಗ ಮತ್ತ ಮತ್ತ ಫೇಲು. ಕಡೀಕ ಟೆಸ್ಟಿನ ಸಾಹೇಬ್ರು "ಖಲಾಸ್" ಅಂದ್ರಂತ. ಸ್ಟೇರಿಂಗ್ ಹೋತು, ಕೈಗೆ ಜನರೇಟರ್ ರಿಪೇರಿ ಮಾಡೋ ಸ್ಪ್ಯಾನರ್ ಬಂತು. ಮಗಳ ಲಗ್ನ ಮುಗಿಸಿ ನಾನೂ ಇಲ್ಲಿಗೆ ಬಂದಾಗ ಒಮ್ಮೆ ಬಸ್ಸಿನ್ಯಾಗ ನೋಡಿದೆ. ರೌಂಡಬೌಟ್ ಬಂತಂದ್ರ ಇವರ ಎರಡೂ ಕೈ ತೊಡಿ ಮ್ಯಾಲೇ ತಿರುಗತಿದ್ದವು.

ಈ ವರ್ಷ ರಂಜಾನ್ ಮುಗಿದ ಮ್ಯಾಲೆ ನೌಕರಿ ಮುಗೀತು, ಊರಿಗೆ ಹೋಗ್ರಿ ಅಂತ ಕಂಪನಿ ಹೇಳಿತು. ಹೋಗೂದ್ರೊಳಗ ಒಮ್ಮೆ, ಒಮ್ಮೆ ಮಾತ್ರ, ಯಾವುದರದಾದ್ರೂ ಸ್ಟೇರಿಂಗ್ ಹಿಡಿಬೇಕು ಅನ್ನೂದು ಇವರ ಆಸೆ. ಸಂಗಾಟ ಕೆಲಸ ಮಾಡೋ ಉಳ್ಳಾಲದ ಕಾಸ್ಮಿರ್‌ನ ಹತ್ರ ತಿರುಗಾಡಾಕ ಹೋಗೋ ಹಳೇ ದೋಣಿ ಒಂದಿತ್ತು. ಅದರ ಎಂಜಿನ್ ಸತ್ತಿತ್ತು. ಇವರು ಗುಜರಿಗೆ ಹೋಗಿ, ಗುದ್ದಿಸಿಕೊಂಡ ಹೊಸ ಲಾರಿಯ ಎಂಜಿನ್ ಹುಡುಕಿ ತಂದ್ರು. "ಕೂಡಿಸಿ ಕೊಡತೀನಿ, ಒಮ್ಮೆ ನನ್ನ ಕೈಗೆ ಕೊಡು" ಅಂತ ಕರಾರು.

ಅಲ್ಲಿಂದ ಪ್ರತಿ ಶುಕ್ರವಾರ ದೋಣಿನೇ ಹೆಂಡತಿ. ರೇಡಿಯೇಟರ್ ತಗದು ಸಮುದ್ರದ ನೀರಿನಿಂದ ತಣ್ಣಗ ಮಾಡೋ ಪೈಪು ಹಾಕಿದ್ರು. ಎಂಜಿನ್ನಿನ ಕಂಪ್ಯೂಟರ್ ಒಂದು, 'ನನ್ನ ಲಾರಿ ಎಲ್ಲಿ' ಅಂತ ಹಟ ಹಿಡಿದು ಚಾಲೂನೇ ಆಗವಲ್ದು. ಒಬ್ಬ ಮಲಯಾಳಿ ಲ್ಯಾಪ್‌ಟಾಪ್ ಹಚ್ಚಿ ಅದನ್ನ ಒಪ್ಪಿಸಿದ. ಅಷ್ಟರಾಗ ಜಗಳ ಹತ್ತಿತು. ಲಾರಿ ಎಂಜಿನ್ನಿಗೆ ಬ್ರೇಕಿನ ಗಾಳಿ ತುಂಬೋ ಕಂಪ್ರೆಸರ್ ಇರ್ತೈತಿ, ಅದಕ್ಕ.

"ದೋಣಿಗೆ ಬ್ರೇಕೇ ಇಲ್ಲ ಮಾರಾಯ್ರೆ, ಗಾಳಿ ಎಂತಕ್ಕೆ? ಬಿಚ್ಚಿ ಬಿಸಾಡಿ" ಅಂದ ಕಾಸ್ಮಿರ್, ನಮ್ಮನ್ಯಾಗ ಚಾ ಕುಡಕೋತ.

"ಅದೊಂದು ಇರಲಿ" ಅಂದ್ರು ಇವರು.

"ಯಾಕೆ ಅಂತ ಹೇಳಿ."

"ಇರಲಿ ಅಂದ್ನೆಲ್ಲೋ!"

ನಾನೂ ಕಾಸ್ಮಿರ್‌ನ ಕಡೆನೇ ಮಾತಾಡಿದೆ. ಕೋಣನ ಮುಂದ ಕಿನ್ನರಿ ಬಾರಿಸಿದಂಗಾತು. ಹಿಂದಿನ ರಜಾದಾಗ ಅಟ್ಟದ ಹಾರ್ನನ್ನ ನನ್ನ ಹಳೇ ಸೀರ್ಯಾಗ ಸುತ್ತಿ ಇಲ್ಲಿಗೆ ತಂದಾಗೂ ಹಿಂಗ ಬೈದಿದ್ದೆ. ಆಗೂ 'ಇರಲಿ' ಅಂದಿದ್ರು.

ದೋಣಿ ನೀರಿಗೆ ಇಳಿಸೋ ದಿನ ಇಳಕಲ್ ಸೀರಿ ಉಟ್ಟು, ಡಬ್ಬಿ ಕಟ್ಟಿ ತಯಾರಾದೆ. ಇವರು ಚಪ್ಪಲಿ ಹಾಕ್ಕೋತ ಏನಂದ್ರು ಗೊತ್ತೇನ್ರಿ? "ನೀ ಬರಬ್ಯಾಡ. ಮನ್ಯಾಗ ಇರು."

"ನಿಮ್ಮ ಎಣ್ಣಿ ಅರಿವಿ ಒಗಿಯಾಕ ನಾ ಬೇಕು, ದೋಣ್ಯಾಗ ಕುಂಡ್ರಾಕ ಬ್ಯಾಡೇನು?" ಅಂತ ಬಾಯಿಗೆ ಬಂದಂಗ ಬೈದೆ. ಅವರು ನಕ್ಕೋತ ಹೋದ್ರು. ಸಿಟ್ಟು ನೆತ್ತಿಗೇರಿತು. ಇವತ್ತ ಒಲಿ ಹಚ್ಚಿದ್ರ ಕೇಳು ಅಂತ ನನಗ ನಾನ ಆಣಿ ಹಾಕ್ಕೊಂಡು, ಜೋಳದ ಹಿಟ್ಟಿನ ಡಬ್ಬಿ ಮುಚ್ಚಿಟ್ಟೆ. ಸೀರಿ ಬದಲಿಸಲಿಲ್ಲ. ಹಂಗ ಕಿಟಕಿ ಹತ್ರ ಕುಂತೆ. ನಮ್ಮ ಮನಿಗೆ ಸಮುದ್ರ ಕಾಣೂದಿಲ್ಲ, ಗಾಳಿ ಅಷ್ಟೇ ಬರ್ತೈತಿ.

ಹೊತ್ತು ಇಳಿಯಾಕತ್ತಿತ್ತು. ಆ ಗಾಳ್ಯಾಗ ಬಂತು ನೋಡ್ರಿ. ಒಂದು ಉದ್ದ. ಎರಡು ಗಿಡ್ಡ.

ಎದ್ದಿದ್ದು ಗೊತ್ತಿಲ್ಲ, ಒಲಿ ಹಚ್ಚಿದ್ದು ಗೊತ್ತಿಲ್ಲ. ನೋಡೂದ್ರಾಗ ಹಂಚು ಕಾದಿತ್ತು, ಕೈಯಾಗ ಹಿಟ್ಟಿತ್ತು. ಅಳಕೋತ ರೊಟ್ಟಿ ಬಡಿದೆ. ಯಪ್ಪಾ, ಇದಕ್ಕೇನು ಆ ಗಾಳಿ ಕಂಪ್ರೆಸರ್ ಉಳಿಸಿದ್ದು, ಇದಕ್ಕೇನು ಬರಬ್ಯಾಡ ಅಂದಿದ್ದು! ದೋಣ್ಯಾಗ ಕುಂತಿದ್ರ ಇದನ್ನ ಯಾರು ಕೇಳಬೇಕಿತ್ತು?

ಬಾಗಿಲು ತಗದಾಗ ಮೊದಲ ಕಾಸ್ಮಿರ್‌ನ ಬಾಯಿ ಒಳಗ ಬಂತು. "ಅಕ್ಕಾ, ದೋಣಿ ದಡಕ್ಕೆ ತರುವಾಗ ನಿಮ್ಮ ಯಜಮಾನರು ಕಾಲಲ್ಲಿ ಬ್ರೇಕ್ ಹುಡುಕಿದ್ರು! ನಾನು ಹಿಡಿಯದಿದ್ರೆ ದೋಣಿ ಮಾಫಿ, ಇಲ್ಲವೇ ಇಲ್ಲ!"

ಇವರಿಗೆ ಅದು ಕೇಳಿಸಿದಂಗ ಕಾಣಲಿಲ್ಲ. ಒಲಿ ಕಡೆ ನೋಡಕೋತ ನಿಂತಿದ್ರು. ಹಂಚಿನ ಮ್ಯಾಲೆ ರೊಟ್ಟಿ ಉಬ್ಬಾಕತ್ತಿತ್ತು.

"ಕೇಳಿಸ್ತೇನು, ಮಾದೇವಿ?" ಅಂದ್ರು.

"ಕೈಕಾಲು ತೊಳಕೋರಿ" ಅಂದೆ.