ನನ್ನ ತವರಿನ ಜೋಳದ ಪಕ್ಕ

ಆ ಸೋಮವಾರ ಮುಂಜಾನೆ ನನ್ನ ಗಂಡ ಒದ್ದೆ ಅರಿವೆ ಹಿಡಿದು ಜೋಳದ ಎಲೆ ಮೇಲಿನ ಸಿಮೆಂಟ್ ಧೂಳು ಒರೆಸುತ್ತಿದ್ದರು. ಅವರ ಹೆಸರು ಅವ್ವಣ್ಣ. ಅವರು ಇದ್ದಾಗ ನಾನು ಗಂಡನ ಹೆಸರು ಬಾಯಿಗೆ ತಂದವಳಲ್ಲ. ಈಗ ಬರೀತೀನಿ.

ನಾವು ಯಾದಗಿರಿ ಕಡೆಯವರು. ಪುಣೆಯ ಕೊಂಢವಾದಲ್ಲಿ ಕಟ್ಟಡದ ಕೆಲಸ. ನಮ್ಮ ತಗಡಿನ ಪತ್ರಾ ಶೆಡ್ಡಿನ ಹಿಂದೆ ಒಂದು ಪಟ್ಟಿ ಮಣ್ಣು ಅದ. ಅಲ್ಲಿ ಅವರು ತಮ್ಮ ಮನೆತನದ ಗಿಡ್ಡ ಜೋಳ ಹಾಕಿದ್ದರು. ಒಂದು ತುದಿಗೆ ಅದನ್ನಷ್ಟೇ. ಇನ್ನೊಂದು ತುದಿಗೆ ಅದೇ ಬೀಜ, ನನ್ನ ತವರಿನ ಉದ್ದ ಜೋಳದ ನಡುವೆ. ಅವರ ಜೋಳ ಒಂದೇ ಇದ್ದ ಕಡೆ ಎದೆಮಟ್ಟ ಬೆಳೆದಿತ್ತು. ನನ್ನ ತವರಿನದರ ನಡುವೆ ಇದ್ದ ಅವರದು ತಲೆಮಟ್ಟ.

"ನೋಡ ಶಿವಕಾಂತಾ, ನಿಮ್ಮ ತವರಿನವರು ನನ್ನ ಜೋಳಕ್ಕೂ ಸೊಕ್ಕು ಕಲಿಸ್ಯಾರ."

"ಸೊಕ್ಕಲ್ಲರಿ. ನೆಟ್ಟಗ ನಿಲ್ಲೋದು ಕಲಿಸ್ಯಾರ."

ನಕ್ಕರು. "ಬೀಜ ಒಂದ, ಮಣ್ಣು ಒಂದ. ಪಕ್ಕದ್ದು ಎಂಥಾ ತಳಿ ಅನ್ನೋದರ ಮ್ಯಾಲ ಅದ ಎಲ್ಲ. ಉದ್ದಂದರ ನೆರಳಾಗ ನಿಂತರ ಬಿಸಿಲು ಹುಡುಕಿ ಮ್ಯಾಲ ಏಳ್ತದ."

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಒಲೆ ಮೇಲೆ ರೊಟ್ಟಿ ಸೀಯುತ್ತಿತ್ತು.

ಮರುದಿನ ಅವರು ಇಳಿದಿದ್ದ ಪಾಯದ ಗುಂಡಿ ಕುಸಿಯಿತು. ಮಳೆಗೆ ನೆನೆದ ಮಣ್ಣು. ಅವರನ್ನ ಹೊರಗೆ ತೆಗೆಯೋದಕ್ಕೆ ಎರಡು ತಾಸು ಹಿಡಿಯಿತು. ಬಾಯಿ ತುಂಬ ಮಣ್ಣಿತ್ತು. ನಾನೇ ಬೆರಳು ಹಾಕಿ ತೆಗೆದೆ.

ತೆನೆ ಬಲಿತ ಮೇಲೆ, ತಲೆಮಟ್ಟ ಬೆಳೆದ ಅವರ ಜೋಳದ ಬೀಜ ತೆಗೆದಿಟ್ಟೆ. ಮುಂದಿನ ವರ್ಷದ ಮಳೆಗೆ ಬಿತ್ತಿದೆ. ಅದನ್ನಷ್ಟೇ. ಅವರ ಬೀಜದ ಮೇಲೆ ಯಾರ ನೆರಳೂ ಬೀಳಬಾರದು ಅಂತ. ಅವರು ಕೊನೆಗೆ ಮುಟ್ಟಿದ ಜೋಳ ಅದೇ ಎತ್ತರಕ್ಕೆ ಬೆಳೆದದ್ದು ಮತ್ತೊಮ್ಮೆ ನೋಡಬೇಕಿತ್ತು. ಬೇರೇನೂ ಬೇಕಿರಲಿಲ್ಲ.

ಎದೆಮಟ್ಟಕ್ಕೆ ನಿಂತುಬಿಟ್ಟಿತು.

ಬೀಜ ಒಣಗಿಸಿಕೊಟ್ಟವಳು ಪಕ್ಕದ ಶೆಡ್ಡಿನ ಸಾಬವ್ವ. ಹೋಗಿ ಜಗಳ ತೆಗೆದೆ. "ಬೀಜ ಬದಲಿ ಮಾಡೀದಿ. ನನ್ನ ಗಂಡನ ಗುರುತು ತಿಂದಿ."

"ಯಕ್ಕಾ, ನಾ ಯಾಕ ಬದಲಿ ಮಾಡಲಿ? ನಿನ್ನ ತವರಿನ ಜೋಳ ಎಲ್ಲಿ?"

"ಬಿತ್ತಿಲ್ಲ."

ನನಗೆ ಆ ಸೀದ ರೊಟ್ಟಿ ನೆನಪಾಯಿತು. ಪಕ್ಕದ್ದರ ಮ್ಯಾಲ ಅದ ಎಲ್ಲ ಅಂದ ಅವರ ಮಾತೂ.

ತವರಿನ ಜೋಳ ಬೀಸಿ ತಿಂದು ಮುಗಿಸಿದ್ದೆ. ಸಾಬವ್ವನ ಹತ್ತಿರ ನಾನೇ ಹಿಂದೆ ಕೊಟ್ಟ ಅದರ ಒಂದು ತೆನೆ ಉಳಿದಿತ್ತು. ಬೈಸಿಕೊಂಡವಳೇ ತಂದು ಕೈಯಲ್ಲಿಟ್ಟಳು.

ಈ ವರ್ಷ ಎರಡೂ ಕೂಡಿಸಿ ಬಿತ್ತಿದೆ. ಅವರದು ಈಗ ನನ್ನ ಭುಜ ದಾಟ್ಯದ. ಅವರಂತೂ ಬರೋದಿಲ್ಲ. ದಿನಾ ಮುಂಜಾನೆ, ಕೆಲಸಕ್ಕೆ ಹೋಗೋ ಮೊದಲು, ಒದ್ದೆ ಅರಿವೆ ಹಿಡಿದು ಎಲೆ ಒರೆಸ್ತೀನಿ. ಮೊದಲು ನನ್ನ ತವರಿನದು, ಆಮೇಲೆ ಅವರದು.