ಟವೆಲ್ಲಿನಲ್ಲಿ ಸುತ್ತಿಟ್ಟ ಸೀಸೆ

ಹುಣಸೂರಿನ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಮಧ್ಯಾಹ್ನ ಯಾರಾದರೂ ಟವೆಲ್ಲು ಬಿಚ್ಚಿ ಕ್ಯಾರಿಯರ್ ಮುಚ್ಚಳ ತೆಗೆದರೆ, ಅವರೆಕಾಳು ಸಾರಿನ ಜೊತೆಗೆ ಹಬೆ ಕುಡಿದ ಬಟ್ಟೆಯ ವಾಸನೆಯೂ ಬರುತ್ತದೆ. ಉಳಿದವರಿಗೆ ಹಸಿವಾಗುತ್ತದೆ. ನನಗೆ ಊಟ ಸೇರುವುದಿಲ್ಲ. ಯಾಕೆಂದು ಹೇಳುತ್ತೇನೆ. ಆದರೆ ನನ್ನ ಬಗ್ಗೆ ಒಳ್ಳೆಯ ಅಭಿಪ್ರಾಯ ಇಟ್ಟುಕೊಂಡು ಕೇಳಬೇಡಿ.

ನಾನು ರಾವಂದೂರಿನವಳು, ಸವಿತಾ ಬೀಚನಹಳ್ಳಿಯವಳು. ಮೈಸೂರಿನಲ್ಲಿ ಒಬ್ಬರೇ ಗೈಡ್ ಕೈಕೆಳಗೆ ಇಬ್ಬರೂ ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ.ಗೆ ಸೇರಿದ್ದೆವು. ನಮ್ಮ ಪಾಲಿಗೆ ಬಂದದ್ದು ಒಂದು ಹಳದಿ ಪುಡಿ. ನೀರಿಗೆ ಹಾಕಿದರೆ ಅದರ ಅಣುಗಳು ಯಾರ ಅಪ್ಪಣೆಗೂ ಕಾಯದೆ ತಾವೇ ಒಂದಕ್ಕೊಂದು ಕೂಡಿಕೊಂಡು, ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳ ಗೂಡಾಗುತ್ತಿದ್ದವು. ಆ ರಂಧ್ರಗಳನ್ನು ಹೊಕ್ಕ ರಾಸಾಯನಿಕಗಳ ನಡುವಿನ ಕ್ರಿಯೆ ಹತ್ತು ಪಟ್ಟು ಬೇಗ ಮುಗಿಯುತ್ತಿತ್ತು. ಅಂದರೆ ಪುಡಿ ಒಂದು ವೇಗವರ್ಧಕ. ನೇರಳಾತೀತ ಬೆಳಕು ಬಿಟ್ಟರೆ ಅಣುಗಳು ಬಾಗಿ ರಂಧ್ರಗಳು ಮುಚ್ಚಬೇಕು, ಕ್ರಿಯೆ ನಿಲ್ಲಬೇಕು. ನೀಲಿ ಬೆಳಕು ಬಿಟ್ಟರೆ ಮತ್ತೆ ತೆರೆದುಕೊಳ್ಳಬೇಕು. ಸವಿತಾಳ ಅಪ್ಪ ಕಬಿನಿ ಅಣೆಕಟ್ಟಿನಲ್ಲಿ ಕೆಲಸಕ್ಕಿದ್ದರು. "ನಮ್ಮಪ್ಪ ಗೇಟ್ ಎತ್ತಿ ಇಳಿಸ್ದಂಗೆ ಕಣೇ," ಅನ್ನುತ್ತಿದ್ದಳು. ನಮ್ಮ ಗೇಟು ಇಳಿಯುತ್ತಿತ್ತು, ಏಳುತ್ತಿರಲಿಲ್ಲ. ಎರಡು ವರ್ಷ ಹೀಗೇ ಹೋಯಿತು.

ನಾನು ಹೊಸ ಹೊಸ ದೀಪಗಳಿಗೆ ಅರ್ಜಿ ಬರೆಯುತ್ತಾ ಕೂತೆ. ನನಗೆ ದುಬಾರಿ ಉಪಕರಣಗಳ ಮೇಲೆ ಮೊದಲಿನಿಂದಲೂ ಅಪಾರ ಭಕ್ತಿ. ಸವಿತಾ ಸೀಸೆಯನ್ನೇ ನೋಡುತ್ತಾ ಕೂರುತ್ತಿದ್ದಳು. ಒಂದು ದಿನ, "ಬಾಗಿದ್ದವು ನೆಟ್ಟಗಾಗ್ತಾವೆ ಕಣೇ. ಆದ್ರೆ ಸರಿಯಾಗಿ ಜೋಡ್ಕಳಾಕೆ ಟೈಮ್ ಸಿಕ್ತಿಲ್ಲ. ಬಿಸಿ ಮಾಡಿ ನಿಧಾನಕ್ಕೆ ಆರಿಸಾನ," ಎಂದಳು. ನಾನು ನಕ್ಕೆ. ಅವಳು ಊಟದ ಕ್ಯಾರಿಯರ್ ತೊಳೆದು, ಬಿಸಿನೀರು ತುಂಬಿ, ನೀಲಿ ಬೆಳಕು ತೋರಿಸಿದ ಸೀಸೆಯನ್ನು ಅದರಲ್ಲಿ ಮುಳುಗಿಸಿ, ಟವೆಲ್ಲು ಸುತ್ತಿ ಮೂಲೆಯಲ್ಲಿಟ್ಟಳು. ಸಂಜೆ ಬಿಚ್ಚಿ ನೋಡಿದರೆ ಪುಡಿ ಮತ್ತೆ ಕೆಲಸ ಮಾಡುತ್ತಿತ್ತು! "ಗೇಟ್ ಎದ್ತು ಕಣೇ!" ಎಂದು ನನ್ನ ಭುಜ ಹಿಡಿದು ಅಲ್ಲಾಡಿಸಿದಳು. ಆಮೇಲೆ ಎಷ್ಟು ಸಲ ಮುಚ್ಚಿ ತೆರೆದರೂ ಅದು ಕೈಕೊಡಲಿಲ್ಲ.

ಅವಳಿಗೆ ಆಗ ಏಳು ತಿಂಗಳು. ಹೆರಿಗೆಗೆ ತವರಿಗೆ ಹೋದಳು. ಪೇಪರ್ ಬರೆಯುವ ಹೊತ್ತಿಗೆ ಗೈಡ್ ನನ್ನನ್ನು ಕರೆದು, "ನೋಡಮ್ಮ, ಆಕೆ ವಾಪಸ್ ಬರೋ ಹಾಗೆ ಕಾಣಲ್ಲ. ಲೇಖಕರಲ್ಲಿ ಹೆಸರು ಬೇಡ, ಕೊನೇಲಿ ಒಂದು ಥ್ಯಾಂಕ್ಸ್ ಹೇಳಿಬಿಡು, ಸಾಕು," ಎಂದರು. "ಆಯ್ತು ಸರ್," ಎಂದೆ. ಅವರ ಕೋಣೆಯಿಂದ ಹೊರಬರುವಾಗ ನನ್ನ ತಲೆಯಲ್ಲಿದ್ದದ್ದು ಒಂದೇ: ನನ್ನ ಹೆಸರು ಮೊದಲು ಬರುತ್ತದೆ. ಪೇಪರಿನಲ್ಲಿ ಅವಳ ಟವೆಲ್ಲು 'ನಿಯಂತ್ರಿತ ನಿಧಾನ ಶೀತಲೀಕರಣ'ವಾಯಿತು. ಅಮ್ಮ ಮೊದಲ ಪುಟಕ್ಕೆ ಕಟ್ಟು ಹಾಕಿಸಿ ಗೋಡೆಗೆ ತಗುಲಿಸಿದಳು. ಅದರಲ್ಲಿದ್ದ ಗ್ರಾಫನ್ನು ಇಸಿಜಿ ಎಂದುಕೊಂಡು ಪಕ್ಕದ ಮನೆಯವರು, "ಯಾರಿಗವ್ವಾ ಆರ್ಟ್ ತೊಂದ್ರೆ?" ಎಂದು ಕೇಳಿದರು.

ಸವಿತಾ ಫೋನ್ ಮಾಡಿದಳು. ಹಿಂದೆ ಮಗು ಅಳುತ್ತಿತ್ತು.

"ನನ್ನೆಸ್ರು ಎಲ್ಲೈತೆ ಕಣೇ?"

"ಸರ್ ಬಿಡಲಿಲ್ಲ ಕಣೇ."

"ನೀನೇನಂದೆ?"

ಸಿಗ್ನಲ್ ಇಲ್ಲವೆಂಬಂತೆ ಎರಡು ಸಲ "ಹಲೋ, ಹಲೋ" ಎಂದು ಫೋನ್ ಇಟ್ಟುಬಿಟ್ಟೆ. ಅವಳ ದನಿ ಸ್ಪಷ್ಟವಾಗಿಯೇ ಕೇಳುತ್ತಿತ್ತು. ಅವಳು ಮತ್ತೆ ಲ್ಯಾಬಿಗೆ ಬರಲಿಲ್ಲ. ಆ ಪೇಪರ್ ತೋರಿಸಿ ನಾನು ಈ ಕೆಲಸ ಹಿಡಿದೆ.

ಹೋದ ತಿಂಗಳು, ಆರು ವರ್ಷ ಕಳೆದ ಮೇಲೆ, ಅವಳ ಹೆಸರು ಸೇರಿಸಬೇಕೆಂದು ಆ ಪೇಪರ್ ಅಚ್ಚಾದ ಪತ್ರಿಕೆಗೊಂದು ಪತ್ರ ಸಿದ್ಧಮಾಡಿಕೊಂಡು ಬೀಚನಹಳ್ಳಿಗೆ ಹೋದೆ. ಅವಳ ರುಜು ಬೇಕಿತ್ತು. ಹಿನ್ನೀರಿನ ಹತ್ತಿರದ ರೆಸಾರ್ಟಿನಲ್ಲಿ ಬಟ್ಟೆ ಒಗೆಸುವ ಉಸ್ತುವಾರಿ ಅವಳದು. ನನಗೆ ಕಾಫಿ ಕೊಟ್ಟು, ಪತ್ರವನ್ನು ಪೂರ್ತಿ ಓದಿದಳು.

"ಇದ್ರಿಂದ ನಂಗೆ ಪಿಎಚ್.ಡಿ. ಬತ್ತದಾ?"

"ಇಲ್ಲ."

"ನಿನ್ ಕೆಲ್ಸ ಓಯ್ತದಾ?"

"ಇಲ್ಲ."

"ಮತ್ತೆ ಇದ್ಯಾರಿಗೆ?" ನಾನು ಪೆನ್ನು ಚಾಚಿದೆ. ಅವಳು ತೆಗೆದುಕೊಳ್ಳದೆ ಅಂದಳು: "ಅವತ್ತು ಸರ್ ಏನಂದ್ರು ಅಂತ ನಾನು ಕೇಳ್ಲಿಲ್ಲ. ನೀನೇನಂದೆ ಅಂತ ಕೇಳ್ದೆ." ಪತ್ರ ಮಡಚಿ ನನ್ನ ಕೈಗಿಟ್ಟಳು. "ಬಸ್ಸಿಗೆ ಒತ್ತಾಯ್ತು, ಓಗು."

ನಿನ್ನೆ ಅಂತಿಮ ವರ್ಷದವರಿಗೆ ವೇಗವರ್ಧಕಗಳ ಪಾಠ. ಆ ಪುಡಿಯ ಬಗ್ಗೆ ಹೇಳಿ, ಅದನ್ನು ಮತ್ತೆ ಮತ್ತೆ ತೆರೆಯುವ ದಾರಿ ಕಂಡುಹಿಡಿದವಳು ಸವಿತಾ ಎಂದು ಬೋರ್ಡಿನ ಮೇಲೆ ಬರೆದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಮೊಬೈಲಿನಲ್ಲಿ ಪೇಪರ್ ಹುಡುಕಿ, "ಮೇಡಂ, ಇದ್ರ ಲೇಖಕರಲ್ಲಿ ಅವ್ರ ಹೆಸ್ರಿಲ್ವಲ್ಲ, ಯಾಕೆ?" ಎಂದಳು.

ಸರ್ ಬಿಡಲಿಲ್ಲ ಎಂಬ ಮಾತು ನಾಲಿಗೆಯ ತುದಿಯವರೆಗೂ ಬಂತು.

"ನಾನು ಬರೆಯಲಿಲ್ಲ," ಎಂದೆ.

"ಈಗ ಅವ್ರು ಎಲ್ಲಿದ್ದಾರೆ ಮೇಡಂ?"

"ರೆಸಾರ್ಟಿನಲ್ಲಿ. ಬಟ್ಟೆ ಒಗೆಸುತ್ತಾರೆ."

"ಮತ್ತೆ ನೀವು..." ಎಂದು ಶುರುಮಾಡಿದವಳು, ನಾನು ನಿಂತಿದ್ದ ಕಟ್ಟೆಯನ್ನೂ ಕೈಯಲ್ಲಿದ್ದ ಹಾಜರಿ ಪುಸ್ತಕವನ್ನೂ ನೋಡಿ, ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟು ತಲೆ ತಗ್ಗಿಸಿದಳು.