ಅಜ್ಜನ ಗದ್ದುಗೆ

ಕೊಟ್ಟೂರಿನ ಅಂಚಿನಲ್ಲಿರುವ ಆ ಜಾಗವನ್ನು ಊರೆಲ್ಲ ಪಾರ್ಕ್ ಅನ್ನುತ್ತದೆ. ನನ್ನ ಬಾಯಿಗೆ ಮಾತ್ರ ಅದು ಇವತ್ತಿಗೂ ‘ನಮ್ಮ ತೋಟ’. ಅಪ್ಪ, ದೊಡ್ಡಪ್ಪ ಸೇರಿ ಅದನ್ನು ಊರಿಗೆ ಬಿಟ್ಟುಕೊಟ್ಟು ವರ್ಷಗಳೇ ಕಳೆದವು. ಬಂಡಿ ಓಡಾಡುತ್ತಿದ್ದ ದಾರಿಗೆ ಈಗ ಸಿಮೆಂಟ್ ಇಟ್ಟಿಗೆ ಹಾಸಿ ವಾಕಿಂಗ್ ಪಾತ್ ಮಾಡಿದ್ದಾರೆ. ಪೇರಲ ಗಿಡಗಳಿದ್ದಲ್ಲಿ ಜಾರುಬಂಡಿ, ದನದ ಕೊಟ್ಟಿಗೆ ಇದ್ದಲ್ಲಿ ಕೈಕಾಲು ಆಡಿಸುವ ಕಬ್ಬಿಣದ ಯಂತ್ರಗಳು. ದಾವಣಗೆರೆಯಲ್ಲಿ ನೌಕರಿ ಮುಗಿಸಿ ಮರಳಿದ ಮೇಲೆ ನಾನೂ ದಿನಾ ಬೆಳಿಗ್ಗೆ ಅಲ್ಲಿ ವಾಕಿಂಗ್ ಹೋಗುತ್ತಿದ್ದೆ. ವಾಕಿಂಗ್ ಅನ್ನುವುದಕ್ಕಿಂತ ಮೇಲ್ವಿಚಾರಣೆ ಅನ್ನಬೇಕು. ಹೂ ಕಿತ್ತವರನ್ನು ಗದರುವುದು, ನಲ್ಲಿ ಬಿಟ್ಟು ಹೋದವರನ್ನು ಕರೆದು ನಿಲ್ಲಿಸುವುದು. ಯಾರೂ ಎದುರಾಡುತ್ತಿರಲಿಲ್ಲ. ಅದನ್ನು ಗೌರವ ಅಂದುಕೊಂಡಿದ್ದೆ.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಣ್ಣು ಮಾಡುತ್ತೇವೆ. ಸ್ವಂತ ಹೊಲ, ತೋಟ ಇದ್ದವರು ಅಲ್ಲಿಯೇ ಮಾಡುವುದು ರೂಢಿ. ಅಜ್ಜನನ್ನು ಮಣ್ಣು ಮಾಡಿದ್ದೂ ತೋಟದಲ್ಲೇ. ಆಗ ನಾನಿನ್ನೂ ಅಂಬೆಗಾಲಿಡುವ ಕೂಸು. ಬಾವಿಯ ಪಕ್ಕದಲ್ಲಿ ತೊಡೆಯೆತ್ತರದ ಕಲ್ಲಿನ ಕಟ್ಟೆಯೊಂದಿದೆ. ಕಾರಹುಣ್ಣಿಮೆಯ ದಿನ ಅಪ್ಪ ಅದಕ್ಕೆ ವಿಭೂತಿ ಬಳಿದು, ಹೋಳಿಗೆಯ ಎಡೆ ಇಟ್ಟು, ನಮ್ಮ ಹಣೆಯನ್ನು ಕಲ್ಲಿಗೆ ಮುಟ್ಟಿಸುತ್ತಿದ್ದರು. ಅದು ಅಜ್ಜನ ಸಮಾಧಿಯ ಗದ್ದುಗೆ ಅಂತ ನನಗೆ ಯಾರೂ ಹೇಳಿದ್ದಿಲ್ಲ. ನಾನೂ ಕೇಳಿದ್ದಿಲ್ಲ. ಅಜ್ಜನಿಗಲ್ಲದೆ ಇನ್ಯಾರಿಗೆ ಎಡೆ ಇಡುತ್ತಾರೆ?

ಈ ಬೇಸಿಗೆಯ ಒಂದು ಬೆಳಿಗ್ಗೆ ಹೆಂಗಸೊಬ್ಬರು ಆ ಕಟ್ಟೆಯ ಮೇಲೆ ಕುಳಿತು, ಕಾಲು ಇಳಿಬಿಟ್ಟುಕೊಂಡು ನೀರು ಕುಡಿಯುತ್ತಿದ್ದರು. ಊರಾಚೆಯ ಓಣಿಯವರು, ಯಾವುದೋ ಕಚೇರಿಯಲ್ಲಿ ಗುಮಾಸ್ತೆ ಅಂತ ಕೇಳಿದ್ದೆ. ದಿನವೂ ಕುಂಟುತ್ತ ಒಂದು ಸುತ್ತು ಹಾಕುವುದನ್ನು ನೋಡಿದ್ದೆ. ನನಗೆ ಪಿತ್ತ ನೆತ್ತಿಗೇರಿತು.

“ಇಳೀರಿ ಮೊದ್ಲು! ಅದು ನಮ್ಮಜ್ಜನ ಗದ್ದಿಗಿ. ಕುಂದ್ರಾಕ ಬ್ಯಾರೆ ಜಾಗ ಇಲ್ಲೇನು? ಆ ಬೇವಿನ ಗಿಡದ ಕೆಳಗ ಬೆಂಚ್ ಐತಿ, ಅಲ್ಲಿ ಕುಂದ್ರಿ.”

ಯಂತ್ರದ ಮೇಲೆ ಕಾಲಾಡಿಸುತ್ತಿದ್ದವರೆಲ್ಲ ನಿಲ್ಲಿಸಿ ನೋಡಿದರು. ಆಕೆ, “ತಪ್ಪಾತ್ರಿ ಅಕ್ಕಾರ, ಗೊತ್ತಿರಲಿಲ್ಲ” ಎಂದು ಇಳಿದು, ತಾನು ಕುಳಿತ ಜಾಗವನ್ನು ಸೆರಗಿನಿಂದ ಒರೆಸಿ ಹೋದರು. ಆ ಒರೆಸಿದ್ದು ನನಗೆ ಆಗ ಸರಿಯಾಗಿಯೇ ಕಂಡಿತು. ಈಗ ನೆನೆದರೆ ಮೈ ಹಿಡಿಯಷ್ಟಾಗುತ್ತದೆ.

ಅವತ್ತಿನಿಂದ ನಾನು ದಿನವೂ ಕಟ್ಟೆಗೆ ಹೂ ಇಡತೊಡಗಿದೆ, ಮತ್ತೆ ಯಾರೂ ಕೂರದಿರಲಿ ಅಂತ. ತಂಬ್ರಹಳ್ಳಿಯಿಂದ ಸೋದರತ್ತೆ ಬಂದಿದ್ದಾಗ ಅವರನ್ನೂ ಪಾರ್ಕಿಗೆ ಕರೆದುಕೊಂಡು ಹೋದೆ. ನಾನು ಹೂವಿಟ್ಟು ಕೈಮುಗಿಯುವುದನ್ನು ನೋಡಿ, “ಇದೇನ?” ಅಂದರು.

“ಅಜ್ಜಗ, ಅತ್ತಿ.”

ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಏ ಹುಚ್ಚಿ, ಕಾರಹುಣ್ಣಿವಿಗೆ ಯಾರಾದ್ರೂ ಅಜ್ಜಗ ಎಡಿ ಇಡ್ತಾರೇನು? ಅದು ಎತ್ತಿನ ಹಬ್ಬ! ಇದು ನಮ್ಮನಿ ಬಿಳಿ ಎತ್ತಿನ ಕಟ್ಟಿ. ನಿಮ್ಮಜ್ಜ ತನಗ ಕಟ್ಟಿಗಿಟ್ಟಿ ಏನೂ ಬ್ಯಾಡ, ಒಂದು ಬೇವಿನ ಸಸಿ ಹಚ್ರಿ ಸಾಕು ಅಂದಿದ್ದ. ಅಗಾ, ಅಲ್ಲಿ ಅದಾನ ನೋಡು.”

ಅತ್ತೆಯ ಬೆರಳು ಹೋದ ಕಡೆ ನೋಡಿದೆ. ನಾನೇ ಬೆರಳು ಮಾಡಿ ತೋರಿಸಿದ್ದ ಬೇವಿನ ಮರ, ಅದರ ಕೆಳಗೆ ಬೆಂಚು. ಬೆಂಚಿನ ಮೇಲೆ ಅದೇ ಹೆಂಗಸು.

ನಡೆದದ್ದನ್ನು ಅತ್ತೆಗೆ ಹೇಳಿದೆ, ಇನ್ನೊಮ್ಮೆ ನಗಲಿ ಅಂತ. ಅವರು ನಗಲಿಲ್ಲ.

“ಎತ್ತಿಗೆ ಹೂವು ಇಟ್ಟಿದ್ದು ತಪ್ಪಲ್ಲ ಬಿಡು, ಬಸವಣ್ಣ ಅದು. ಆಕಿನ್ನ ಯಾಕ ಎಬ್ಬಿಸಿದಿ? ಇದು ಅಜ್ಜಂದೇ ಆಗಿದ್ರೂ ಯಾಕ ಎಬ್ಬಿಸಬೇಕಾಗಿತ್ತು?”

ಆ ಹೊತ್ತಿಗೆ ಆಕೆ ಬೆಂಚಿನಿಂದ ಏಳಲು ಹೊರಟರು. ಬೆಂಚು ತಗ್ಗು. ಎರಡೂ ಕೈ ಊರಿ ಎದ್ದವರು ಮಂಡಿ ಹಿಡಿದುಕೊಂಡು ಮತ್ತೆ ಕುಳಿತರು, ಮತ್ತೆ ಎದ್ದರು. ಅಷ್ಟು ದೊಡ್ಡ ಪಾರ್ಕಿನಲ್ಲಿ ಆ ಮಂಡಿಗೆ ಅನುಕೂಲವಾದ ಎತ್ತರವಿದ್ದದ್ದು ಕಟ್ಟೆಯೊಂದಕ್ಕೇ. ಕುಂಟುವುದನ್ನು ದಿನಾ ಕಂಡಿದ್ದ ನನಗೆ ಇಷ್ಟು ಹೊಳೆದಿರಲಿಲ್ಲ. ಆಕೆಯ ಓಣಿಯ ಮಂದಿ ಹಿಂದೆ ನಮ್ಮಲ್ಲಿಗೆ ಕಳೆ ತೆಗೆಯಲು ಬರುತ್ತಿದ್ದರು. ಮಕ್ಕಳಾದ ನಾವು ಪಕ್ಕದಲ್ಲಿ ಓಡಿ ಹೋದರೂ, ಒಡೆಯರು ಬಂದರೆಂಬಂತೆ ಕೆಲಸ ಬಿಟ್ಟು ಕುಡುಗೋಲು ಹಿಡಿದೇ ಎದ್ದು ನಿಲ್ಲುತ್ತಿದ್ದರು. ನಾನದನ್ನು ಮರೆತಿದ್ದೆ, ನನ್ನ ದನಿ ಮರೆತಿರಲಿಲ್ಲ.

ಮರುದಿನ ಬೆಳಿಗ್ಗೆ ತಪ್ಪಾಯಿತು ಅಂತ ಹೇಳಲು ನೇರ ಬೇವಿನ ಮರದ ಕಡೆ ನಡೆದೆ. ನಾನು ಬರುವುದನ್ನು ಕಂಡ ಕೂಡಲೇ ಆಕೆ ನೀರಿನ ಬಾಟಲಿ ತೆಗೆದುಕೊಂಡು, ಮಂಡಿ ಹಿಡಿದು ಏಳತೊಡಗಿದರು.

“ಇಲ್ಲೂ ಕುಂದ್ರಬಾರದೇನ್ರಿ ಅಕ್ಕಾರ?”

ದಾರಿಯುದ್ದ ಜೋಡಿಸಿಕೊಂಡು ಬಂದ ಮಾತು ಎತ್ತಲೋ ಹೋಯಿತು. “ಕುಂದ್ರಿ, ಕುಂದ್ರಿ” ಅಂದೆ. ಅದೂ ಅಪ್ಪಣೆ ಕೊಟ್ಟ ಹಾಗೆಯೇ ಕೇಳಿಸಿ, ನಾಚಿಕೆಯಿಂದ ಭೂಮಿಗಿಳಿದು ಹೋದೆ. ಕಟ್ಟೆ ಎತ್ತಿನದು, ತಪ್ಪು ನನ್ನದು, ದಯವಿಟ್ಟು ಅಲ್ಲೇ ಬಂದು ಕುಳಿತುಕೊಳ್ಳಿ ಅಂತ ತಡವರಿಸುತ್ತ ಹೇಳಿದೆ.

“ಇರ್ಲಿ ಬಿಡ್ರಿ” ಅಂದರು ಆಕೆ. ನಾನು ಗೇಟು ದಾಟಿ ತಿರುಗಿ ನೋಡುವವರೆಗೂ ಅವರು ನಿಂತೇ ಇದ್ದರು.